ಜಿಲ್ಲಾಕೇಂದ್ರದಿಂದ ಹೊರಟ ಆಂಬುಲೆನ್ಸ್

ಆ ಬೆಳಿಗ್ಗೆ ನಾನು ಇಸ್ತ್ರಿ ಮಾಡುತ್ತಿದ್ದೆ. ಕತ್ತಲಿರುವಾಗಲೇ ಪುಟ್ಟಿಯನ್ನು ಕೆಳಗೆ ಬ್ಲಾಕಿನಡಿಯ ತೆರೆದ ಜಾಗವಾದ ವಾಯ್ಡ್ ಡೆಕ್‌ಗೆ ಕರೆದುಕೊಂಡು ಹೋಗಿ ಶಾಲೆಯ ಬಸ್ಸು ಹತ್ತಿಸುವುದು, ಇವರಿಗೆ ಅವಲಕ್ಕಿ ಒಗ್ಗರಣೆ ಮಾಡಿ ಡಬ್ಬಿ ಕಟ್ಟಿ ಕಳಿಸುವುದು, ಉಳಿದ ಡಿಕಾಕ್ಷನ್ನಿಗೆ ಹಾಲು ಬೆರೆಸಿಕೊಂಡು ಹತ್ತು ನಿಮಿಷ ಸುಮ್ಮನೆ ಕೂರುವುದು, ಆಮೇಲೆ ಇಸ್ತ್ರಿ. ಸಿಂಗಪುರಕ್ಕೆ ಐವತ್ತು ತುಂಬಿದ ವರ್ಷ ಅದು. ಎದುರು ಬ್ಲಾಕಿನ ಕಾರಿಡಾರುಗಳಲ್ಲಿ ಆಗಸ್ಟಿನಲ್ಲಿ ಕಟ್ಟಿದ ಬಾವುಟಗಳು ಇನ್ನೂ ಹಾಗೆಯೇ ಇದ್ದವು, ಆದರೆ ಹೇಜ್‌ನಿಂದಾಗಿ ಕೆಂಪು ಕಾಣುತ್ತಿರಲಿಲ್ಲ. ಪಕ್ಕದ ದೇಶದಲ್ಲಿ ಕಾಡು ಸುಟ್ಟ ಹೊಗೆ ವಾರಗಟ್ಟಲೆ ನಮ್ಮ ಸೆರಂಗೂನಿನ ಮೇಲೆ ಕೂತುಬಿಟ್ಟಿತ್ತು. ಕಿಟಕಿಗಳನ್ನೆಲ್ಲ ಮುಚ್ಚಿ, ಬಾಗಿಲ ಸಂದಿಗೆ ಒದ್ದೆ ಟವೆಲ್ ಒತ್ತಿಟ್ಟಿದ್ದೆ. ಇವರ ನೀಲಿ ಶರ್ಟಿನ ಕಾಲರಿಗೆ ನೀರು ಚಿಮುಕಿಸುತ್ತಿದ್ದಾಗ ಫೋನು ಬಂತು.

ಫೋನು ಬಂದದ್ದು ನನ್ನ ಆಫೀಸಿನಿಂದ. ಆಫೀಸು ಎಂದರೆ ನಾನು ಒಳಗೆ ಹೆಚ್ಚೇನೂ ಕಾಲಿಡದ ಒಂದು ಕಂಪನಿ. ಪರದೇಶಕ್ಕೆ ಹೋದ ಸಿಂಗಪುರದವರಿಗೆ ಅಲ್ಲಿ ಕಾಯಿಲೆಯಾದರೆ, ಕೈಕಾಲು ಮುರಿದರೆ, ವಿಮಾ ಕಂಪನಿಯ ಪರವಾಗಿ ಆಸ್ಪತ್ರೆ, ಆಂಬುಲೆನ್ಸ್ ಎಲ್ಲ ಏರ್ಪಾಡು ಮಾಡಿಕೊಡುವುದು ಅವರ ಕೆಲಸ. ಕನ್ನಡ, ಕೊಂಕಣಿ ಬೇಕಾದಾಗ ನನ್ನನ್ನು ಫೋನಿನಲ್ಲಿ ಸೇರಿಸಿಕೊಳ್ಳುತ್ತಿದ್ದರು. ಮನೆಯಲ್ಲೇ ಕೂತು ಹೆಡ್‌ಫೋನ್ ಹಾಕಿಕೊಂಡು ಆ ಕಡೆಯ ಮಾತನ್ನು ಈ ಕಡೆಗೆ, ಈ ಕಡೆಯದನ್ನು ಆ ಕಡೆಗೆ ಹೇಳಬೇಕು. ಕಲಿಸಿಕೊಟ್ಟವರು ಒಂದೇ ಮಾತನ್ನು ಮತ್ತೆ ಮತ್ತೆ ಹೇಳಿದ್ದರು: ನೀವು ಕೊಳವೆ ಇದ್ದ ಹಾಗೆ, ಏನನ್ನೂ ಸೇರಿಸಬಾರದು, ಏನನ್ನೂ ಬಿಡಬಾರದು, ಸಲಹೆ ಅಂತೂ ಕೊಡಲೇಬಾರದು. ನನಗೆ ಅದು ಕಷ್ಟವೆನಿಸಿರಲಿಲ್ಲ. ಕಾನ್ವೆಂಟಿನಲ್ಲಿ ಸಿಸ್ಟರುಗಳು ನಮಗೆ ಹತ್ತು ವರ್ಷ ಕಲಿಸಿದ್ದೂ ಬಹುಮಟ್ಟಿಗೆ ಇದನ್ನೇ.

ಲೈನಿನಲ್ಲಿ ಇದ್ದವಳು ಕೇಸ್ ಮ್ಯಾನೇಜರ್, ಬುಕಿತ್ ಬಾಟೋಕ್ ಕಡೆಯ ಚೀನೀ ಹುಡುಗಿ. ನನ್ನನ್ನು ಆಂಟಿ ಎನ್ನುತ್ತಾಳೆ. ಅವಳು ಇಂಗ್ಲಿಷಿನಲ್ಲಿ ಆಡಿದ್ದನ್ನೆಲ್ಲ ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಇಲ್ಲಿಯವರು ಮಾತಿನ ಕೊನೆಗೆ ಸೇರಿಸುವ ‘ಲಾ’ಗಳನ್ನು ಮಾತ್ರ ಹಾಗೇ ಬಿಟ್ಟಿದ್ದೇನೆ.

"ಆಂಟಿ, ಅರ್ಜೆಂಟ್. ಒಬ್ಬ ಆಂಬುಲೆನ್ಸ್ ಡ್ರೈವರ್ ಜೊತೆ ಮಾತಾಡಬೇಕು. ಅವನಿಗೆ ಇಂಗ್ಲಿಷ್ ಬರಲ್ಲ. ಎಲ್ಲಿದ್ದಾನೆ, ಎಷ್ಟು ಹೊತ್ತಾಗುತ್ತೆ, ಅಷ್ಟೇ ಕೇಳಬೇಕು."

ನಿಯಮದ ಪ್ರಕಾರ ಮೊದಲು ಕೇಸಿನ ವಿವರ ಓದಿ ಹೇಳುತ್ತಾಳೆ. ರೋಗಿ ಇಲ್ಲಿಯ ಹೌಗಾಂಗಿನ ಒಬ್ಬ ಅಜ್ಜಿ, ವಯಸ್ಸು ಎಪ್ಪತ್ತು ದಾಟಿದೆ. ಮಗಳ ಜೊತೆ ಮುಂಡಗೋಡದ ಟಿಬೆಟನ್ ಕ್ಯಾಂಪಿನ ಮಠಕ್ಕೆ ಬಂದು ಅತಿಥಿಗೃಹದಲ್ಲಿ ಇಳಿದಿದ್ದಾರೆ. ಬೆಳಗಿನ ಪ್ರಾರ್ಥನೆಗೆ ಎದ್ದಾಗ ಚೆನ್ನಾಗಿದ್ದರು. ಚಹಾ ಲೋಟ ಹಿಡಿದಾಗ ಕೈ ಜಾರಿ ಲೋಟ ಬಿತ್ತು. ಬಾಯಿ ಒಂದು ಕಡೆಗೆ ಎಳೆದುಕೊಂಡಿದೆ, ಬಲಗೈ ಎತ್ತಲಾಗುತ್ತಿಲ್ಲ, ಮಾತು ತೊದಲುತ್ತಿದೆ. ಪಾರ್ಶ್ವವಾಯು ಇರಬಹುದೆಂದು ಕಂಪನಿಯ ಡ್ಯೂಟಿ ಡಾಕ್ಟರ್ ಫೋನಿನಲ್ಲೇ ಹೇಳಿದ್ದಾರೆ. ತಲೆಯ ಸ್ಕ್ಯಾನ್ ಆಗಬೇಕು, ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ಕರಗಿಸುವ ಇಂಜೆಕ್ಷನ್ ಕೊಡಬೇಕು. ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಟ್ಟರೆ ಮಾತ್ರ ಅದರಿಂದ ಪ್ರಯೋಜನ. ಶುರುವಾಗಿ ಆಗಲೇ ಒಂದು ಗಂಟೆ.

ಮುಂಡಗೋಡ ಎಂಬ ಹೆಸರು ಕಿವಿಗೆ ಬಿದ್ದಾಗ ನನ್ನ ಕೈ ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿತ್ತು. ಅದು ನನ್ನ ಜಿಲ್ಲೆ. ನಾನು ಹುಟ್ಟಿ ಓದಿದ್ದು ಅದೇ ಉತ್ತರ ಕನ್ನಡದ ಕಾರವಾರದಲ್ಲಿ.

ಡ್ರೈವರ್ ಲೈನಿಗೆ ಬಂದ. ಹಿಂದೆ ಹಾರ್ನಿನ ಸದ್ದು, ವೈಪರಿನ ಸದ್ದು. ಎಲ್ಲಿದ್ದೀರಿ ಎಂದು ಕೇಳಿದೆ.

"ಅಂಕೋಲಾ ದಾಟಿದೆ ಮೇಡಂ. ಕಾರವಾರದಿಂದ ಆಗಲೇ ಬಿಟ್ಟಿದ್ದು. ಇಲ್ಲಿ ಮಳೆ ಅದೆ."

"ಮುಂಡಗೋಡಕ್ಕೆ ಎಷ್ಟು ಹೊತ್ತು?"

"ಮೂರು ತಾಸಾದ್ರೂ ಹಿಡೀತದೆ. ಅರಬೈಲ್ ಘಟ್ಟ ಸರಿ ಇದ್ರೆ. ಲಾರಿ ಹೆಂಗೆ ನಿಂತದೆ ಅಂತ ನೋಡ್ಬೇಕಲ್ಲ."

ನಾನು ಅದನ್ನು ಇಂಗ್ಲಿಷಿಗೆ ತಂದೆ. ಆ ಕಡೆ ಕೀಬೋರ್ಡಿನ ಸದ್ದು ನಿಂತಿತು.

"ಮೂವತ್ತು ನಿಮಿಷ ತಾನೆ ಆಂಟಿ? ಮತ್ತೊಮ್ಮೆ ಕೇಳಿ."

ಕೇಳಿದೆ. "ಎಷ್ಟು ಸಲ ಹೇಳ್ಬೇಕು ಮೇಡಂ, ಮೂರು ತಾಸು" ಎಂದ. ಅವಳಿಗೆ ನಂಬಿಕೆ ಬರಲಿಲ್ಲ. ಅವಳ ಊರಿನಲ್ಲಿ ಆಂಬುಲೆನ್ಸ್ ಕರೆದರೆ ಲಿಫ್ಟ್ ಕೆಳಗಿಳಿಯುವುದರೊಳಗೆ ಬಂದಿರುತ್ತದೆ. ದೇಶದ ಈ ತುದಿಯಿಂದ ಆ ತುದಿಗೆ ಹೋಗಲೂ ಮೂರು ತಾಸು ಬೇಡ. "ಒಂದೇ ಜಿಲ್ಲೆಯೊಳಗೆ ಲಾ" ಎಂದಳು, ನನ್ನ ಮೇಲೇ ಸ್ವಲ್ಪ ಅನುಮಾನ ಪಡುವ ಧ್ವನಿಯಲ್ಲಿ.

ಇಲ್ಲಿ ನಾನು ಮೊದಲ ಸಲ ಕೊಳವೆಯಾಗಿ ಉಳಿಯಲಿಲ್ಲ. "ಕಾರವಾರದಿಂದ ಯಾಕೆ ಕಳಿಸಿದರು?" ಎಂದು ಕೇಳಿಬಿಟ್ಟೆ.

"ಅದು ಜಿಲ್ಲಾ ರಾಜಧಾನಿ ಅಲ್ವಾ ಆಂಟಿ. ದೊಡ್ಡ ಆಸ್ಪತ್ರೆ, ದೊಡ್ಡ ಆಫೀಸು ಅಲ್ಲೇ ಇರೋದು. ರೋಗಿ ಯಾವ ಜಿಲ್ಲೆ ಅಂತ ನಾವು ಹಾಕ್ತೀವಿ, ಇಂಡಿಯಾದ ಪಾರ್ಟ್‌ನರ್ ಕಂಪನಿಯವರು ಆ ಜಿಲ್ಲೆಯ ಕೇಂದ್ರದಿಂದ ಗಾಡಿ ಕಳಿಸ್ತಾರೆ. ಯಾವಾಗಲೂ ಹಾಗೇ. ಆದರೆ ಈ ಜಿಲ್ಲೆ ಮಾತ್ರ ವಿಚಿತ್ರ ಲಾ. ನಕ್ಷೆಯಲ್ಲಿ ಉತ್ತರ ಕನ್ನಡ ಅಂತ ಹಾಕಿದೆ, ಬಾಣ ಬಂದು ಹಸಿರಿನ ಮಧ್ಯೆ ನಿಂತಿದೆ. ರಸ್ತೆನೇ ಇಲ್ಲ. ಅಲ್ಲಿ ಜನ ಇದ್ದಾರಾ ಆಂಟಿ?"

ಜನ ಇದ್ದಾರೆ, ಉತ್ತರ ಕನ್ನಡ ಎನ್ನುವ ಊರಿಲ್ಲ ಅಷ್ಟೇ ಎಂದೆ. ಶಾಲೆಯಲ್ಲಿ ಭೂಗೋಳದ ಸಿಸ್ಟರ್ ನಮ್ಮಿಂದ ಜಿಲ್ಲೆ ಮತ್ತು ಜಿಲ್ಲಾಕೇಂದ್ರಗಳನ್ನು ರಾಗವಾಗಿ ಹೇಳಿಸುತ್ತಿದ್ದರು. ಮೈಸೂರು ಮೈಸೂರು, ಹಾಸನ ಹಾಸನ ಎಂದು ನಡುವೆ ಆರಾಮಾಗಿ ಹೋಗುತ್ತಿದ್ದ ರಾಗ ಮೂರು ಕಡೆ ತಡೆಯುತ್ತಿತ್ತು: ಕೊಡಗು ಮಡಿಕೇರಿ, ದಕ್ಷಿಣ ಕನ್ನಡ ಮಂಗಳೂರು, ಉತ್ತರ ಕನ್ನಡ ಕಾರವಾರ. ಪರೀಕ್ಷೆಗೆ ಬರುತ್ತಿದ್ದದ್ದೂ ಆ ಮೂರೇ. ನಮ್ಮ ಊರಿನ ಹೆಸರು ಪರೀಕ್ಷೆಗೆ ಬರುತ್ತದೆಂದು ನಮಗೆಲ್ಲ ಸಣ್ಣ ಹೆಮ್ಮೆಯಿತ್ತು. ಅದರ ಇನ್ನೊಂದು ಮುಖ ನನಗೆ ಮನೆಯ ಜಗಲಿಯಲ್ಲಿ ಕಂಡಿತ್ತು. ಅಪ್ಪ ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಹಳಿಯಾಳ, ಮುಂಡಗೋಡ ಕಡೆಯಿಂದ ಒಂದು ಸಹಿಗಾಗಿ ಬಂದವರು ಬಸ್‌ಸ್ಟ್ಯಾಂಡಿನಲ್ಲೇ ರಾತ್ರಿ ಕಳೆದು ಬೆಳಿಗ್ಗೆ ನಮ್ಮ ಜಗಲಿಗೆ ಬರುತ್ತಿದ್ದರು. ರೊಟ್ಟಿ ಗಂಟು ಬಿಚ್ಚುತ್ತ, ವಾಪಸ್ ಬಸ್ಸು ಎಷ್ಟಕ್ಕೆ ಎಂದು ಅಮ್ಮನನ್ನು ಕೇಳುತ್ತಿದ್ದರು. ಸಮುದ್ರ ನೋಡಿ ಹೋಗಿ ಎಂದರೆ ಪುರುಸೊತ್ತಿಲ್ಲ ಎನ್ನುತ್ತಿದ್ದರು. ಅವರ ಸಂತೆ, ಮದುವೆಯ ಸೀರೆ, ಆಸ್ಪತ್ರೆ ಎಲ್ಲ ಬೇರೆ ಜಿಲ್ಲೆಯ ಹುಬ್ಬಳ್ಳಿಯಲ್ಲಿ. ಕಾರವಾರದಲ್ಲಿ ಅವರಿಗಿದ್ದದ್ದು ಸರ್ಕಾರ ಮಾತ್ರ.

ಇದನ್ನೆಲ್ಲ ನಾನು ಅವಳಿಗೆ ಹೇಳಲಿಲ್ಲ. ಲೆಕ್ಕ ಮಾತ್ರ ಹೇಳಿದೆ: ಆಂಬುಲೆನ್ಸ್ ಬರಲು ಮೂರು ತಾಸು, ಅಜ್ಜಿಯನ್ನು ಕರೆದುಕೊಂಡು ಕಾರವಾರಕ್ಕೆ ಇಳಿಯಲು ಮತ್ತೆ ಮೂರು ತಾಸಿನ ಮೇಲೆ.

ಅವಳೂ ಲೆಕ್ಕ ಹಾಕಿದಳು. ಬೆರಳು ಮಡಚುತ್ತಿದ್ದಾಳೆ ಎಂದು ನನಗನಿಸಿತು. "ಡಾಕ್ಟರ್ ಬೇರೆ ಲೈನಿನಲ್ಲಿದ್ದಾರೆ" ಎಂದಳು. "ನಾನು ಮನೆಯವರಿಗೆ ಅಲುಗಾಡಿಸಬೇಡಿ, ಗಾಡಿ ಬರ್ತಿದೆ ಅಂತ ಹೇಳಿಬಿಟ್ಟಿದ್ದೀನಿ."

"ಎಲ್ಲಿಂದ ಬರ್ತಿದೆ ಅಂತ ಹೇಳಿದ್ಯಾ?"

"ಎಲ್ಲಿಂದ ಅಂತ ಯಾರೂ ಕೇಳಲ್ಲ ಆಂಟಿ."

ಅಲ್ಲಿ ನಾನೊಂದು ತಪ್ಪು ಮಾಡಿದೆ. ಹುಬ್ಬಳ್ಳಿ ಎಂದು ಆಗಲೇ ಹೇಳಬೇಕಿತ್ತು, ನಾಲಿಗೆ ತುದಿಗೆ ಬಂದಿತ್ತು. ಆದರೆ ನಿಯಮ ಮುರಿಯುವುದಾದರೆ ಅರ್ಧ ಮುರಿದರೆ ಸಾಕೆಂಬ ಒಂದು ಭಯ ನನ್ನಂಥವರಲ್ಲಿ ಇರುತ್ತದೆ. ಕೆಲಸ ಹೋಗಬಾರದು, ಆ ಹುಡುಗಿಗೂ ಮುಜುಗರವಾಗಬಾರದು. "ಅಲ್ಲಿಂದ ಒಂದು ಗಾಡಿ ಮಾಡಿ ಅಜ್ಜಿಯನ್ನು ಯಲ್ಲಾಪುರದವರೆಗೆ ಕರೆತರಲಿ. ಆಂಬುಲೆನ್ಸ್ ಅಲ್ಲಿ ಎದುರಾಗಲಿ. ಒಂದು ಒಂದೂವರೆ ತಾಸು ಉಳಿಯುತ್ತೆ" ಎಂದೆ. ಅವಳಿಗೆ ಅದು ಹಿಡಿಸಿತು. ಕಳಿಸಿದ ಆಂಬುಲೆನ್ಸ್ ಕಳಿಸಿದ ಹಾಗೇ ಇರುತ್ತದೆ, ಯಾರ ತಪ್ಪೂ ಆಗುವುದಿಲ್ಲ.

ಅತಿಥಿಗೃಹದ ಜೀಪು ಇತ್ತು. ಅದರ ಡ್ರೈವರ್ ಮುಂಡಗೋಡದವನು; ಅವನನ್ನು ಕಂಪನಿಯವರು ನನ್ನ ಕೈಫೋನಿಗೆ ಜೋಡಿಸಿದರು. ಹಿಂದಿನ ಸೀಟು ಬಿಚ್ಚಿ ಹಾಸಿಗೆ ಹಾಕಿ, ತಲೆ ಸ್ವಲ್ಪ ಎತ್ತರಕ್ಕಿರಲಿ, ಒಂದು ಪಕ್ಕಕ್ಕೆ ಮಲಗಿಸಿ, ಬಾಯಿಗೆ ನೀರು ಕೂಡ ಹಾಕಬೇಡಿ. ಇವೆಲ್ಲ ಡಾಕ್ಟರರು ಬರೆದಿಟ್ಟಿದ್ದ ಸೂಚನೆಗಳು, ಒಂದೊಂದಾಗಿ ಹೇಳಿದೆ. ಎಲ್ಲದಕ್ಕೂ "ಹೂಂ ರೀ" ಎಂದ. ಯಲ್ಲಾಪುರ ಎಂದಾಗ ಮಾತ್ರ ನಿಂತ.

"ಯಲ್ಲಾಪುರಕ್ಕ ಯಾಕ್ರೀ ಅಕ್ಕಾರ? ಅಲ್ಲೇನೈತ್ರಿ?"

"ಆಂಬುಲೆನ್ಸ್ ಅಲ್ಲಿಗೆ ಬರುತ್ತೆ. ಕಾರವಾರದಿಂದ ಬರ್ತಾ ಇದೆ."

"ಕಾರವಾರದಿಂದಾ?" ಅವನು ನಕ್ಕನೋ ಉಸಿರು ಬಿಟ್ಟನೋ ಗೊತ್ತಾಗಲಿಲ್ಲ. "ನಾವು ಹುಬ್ಬಳ್ಳಿಯಿಂದ ಬರ್ತೈತಿ ಅನ್ಕೊಂಡು ಗೇಟಿನ್ಯಾಗ ನಿಂತೀವ್ರೀ. ನಮ್ಮ ಕಡೆ ಹೆರಿಗಿ ಆದ್ರೂ ಹುಬ್ಬಳ್ಳಿ, ಕೈ ಮುರದ್ರೂ ಹುಬ್ಬಳ್ಳಿ. ಆತು ಬಿಡ್ರಿ, ನೀವು ಹೇಳ್ದಂಗ."

ಅವನು ಹೇಳಿದ್ದನ್ನು ನಾನು ಇಂಗ್ಲಿಷಿನಲ್ಲಿ ಹೇಳಬೇಕಿತ್ತು, ಒಂದೂ ಬಿಡದೆ. ಹೇಳಿದೆ. ಆದರೆ ಆ ಹೊತ್ತಿಗೆ ಕೇಸ್ ಮ್ಯಾನೇಜರ್ ಇನ್ನೊಂದು ಫೋನಿನಲ್ಲಿ ಪಾರ್ಟ್‌ನರ್ ಕಂಪನಿಯವರಿಗೆ ಯಲ್ಲಾಪುರದ ಅಕ್ಷರಗಳನ್ನು ಒಂದೊಂದಾಗಿ ಹೇಳುತ್ತಿದ್ದಳು. ಜೀಪು ಪಶ್ಚಿಮಕ್ಕೆ ಹೊರಟಿತು.

 ಕೈಫೋನಿನಲ್ಲಿ ಜೀಪಿನ ಎಂಜಿನ್ ಸದ್ದು, ಅದರೊಳಗೆ ಆ ಮಗಳು ತಾಯಿಗೆ ಹೊಕ್ಕಿಯೆನ್ ಎಂಬ ಚೀನೀ ಭಾಷೆಯಲ್ಲಿ ಏನೋ ಹೇಳುತ್ತಿರುವುದು ಕೇಳುತ್ತಿತ್ತು. ಅರ್ಥ ಗೊತ್ತಿಲ್ಲದಿದ್ದರೂ ಅದೇ ಮೂರು ನಾಲ್ಕು ಪದಗಳು ಮತ್ತೆ ಮತ್ತೆ ಬರುತ್ತಿವೆ ಎಂದು ತಿಳಿಯುತ್ತಿತ್ತು. ತಾಯಿಯ ಉತ್ತರ ಕೇಳಿಸಲಿಲ್ಲ. ನಾನು ಕಿಟಕಿಯ ಗಾಜಿನ ಮೇಲೆ ಕೂತ ಬೂದಿಯ ಸಣ್ಣ ಚೂರುಗಳನ್ನು ನೋಡುತ್ತಿದ್ದೆ.

ಆಗ ಆಂಬುಲೆನ್ಸ್ ಡ್ರೈವರನೇ ನನ್ನ ಲೈನಿಗೆ ಬಂದ. "ಮೇಡಂ, ಅರಬೈಲ್‌ನಲ್ಲಿ ಲಾರಿ ಅಡ್ಡ ಬಿದ್ದದೆ. ಮುಂದೆ ಉದ್ದಕ್ಕೆ ಸಾಲು ನಿಂತದೆ. ಕ್ರೇನ್ ಬರ್ಬೇಕಂತೆ. ಯಾವಾಗ ಅಂತ ಯಾರಿಗೂ ಗೊತ್ತಿಲ್ಲ."

ಕೇಸ್ ಮ್ಯಾನೇಜರ್‌ಗೆ ಹೇಳಿದೆ. "ವೇಯ್ಟ್ ಆಂಟಿ, ಡಾಕ್ಟರ್ ಸಿಗ್ತಾರಾ ನೋಡ್ತೀನಿ" ಎಂದು ನನ್ನನ್ನು ಹೋಲ್ಡ್‌ನಲ್ಲಿಟ್ಟಳು. ಕಂಪನಿಯ ಹೋಲ್ಡ್ ಸಂಗೀತ ಪಿಯಾನೋ, ಬಹಳ ಸಮಾಧಾನದ್ದು. ಇನ್ನೊಂದು ಕಿವಿಯ ಕೈಫೋನಿನಲ್ಲಿ ಜೀಪು ಓಡುತ್ತಲೇ ಇತ್ತು. ಅದು ಓಡುತ್ತಿರುವ ಒಂದೊಂದು ಮೈಲಿಯೂ ಆ ಅಜ್ಜಿಯನ್ನು ಹುಬ್ಬಳ್ಳಿಯಿಂದ ದೂರ ಒಯ್ಯುತ್ತಿದೆ, ಹಾಗೆ ಒಯ್ಯಿರಿ ಎಂದವಳು ನಾನು. ಪಿಯಾನೋ ಒಂದು ಸುತ್ತು ಮುಗಿದು ಮತ್ತೆ ಮೊದಲಿನಿಂದ ಶುರುವಾಯಿತು.

ನಾನು ಜೀಪಿನ ಡ್ರೈವರನಿಗೆ ಹೇಳಿದೆ, "ತಮ್ಮಾ, ಗಾಡಿ ಪಕ್ಕಕ್ಕೆ ನಿಲ್ಸಿ. ಅಜ್ಜಿಯ ಮಗಳಿಗೆ ಫೋನ್ ಕೊಡಿ."

ಮಗಳು ಬಂದಳು. ಧ್ವನಿ ಒಣಗಿತ್ತು. ನಾನು ಇಂಗ್ಲಿಷಿನಲ್ಲಿ, ಪದಗಳನ್ನು ಬಿಡಿಸಿ ಬಿಡಿಸಿ ಹೇಳಿದೆ. "ಈಗ ನಾನು ಹೇಳುವುದು ಕಂಪನಿಯ ಮಾತಲ್ಲ. ನನ್ನ ಮಾತು. ಆಂಬುಲೆನ್ಸ್ ಘಟ್ಟದ ಕೆಳಗೆ ಸಿಕ್ಕಿಹಾಕಿಕೊಂಡಿದೆ. ನೀವು ಹೋಗುತ್ತಿರುವ ಯಲ್ಲಾಪುರ ಚಿಕ್ಕ ಊರು. ದೊಡ್ಡ ಆಸ್ಪತ್ರೆಗಳಿರುವುದು ನಿಮ್ಮ ಬೆನ್ನ ಹಿಂದೆ, ಹುಬ್ಬಳ್ಳಿಯಲ್ಲಿ. ಗಾಡಿ ತಿರುಗಿಸಿದರೆ ಎರಡು ತಾಸಿನೊಳಗೆ ಅಲ್ಲಿರುತ್ತೀರಿ."

"ನೀವು ಡಾಕ್ಟರಾ?"

"ಅಲ್ಲ. ನಾನು ಭಾಷೆ ಹೇಳುವವಳು. ಆ ಜಿಲ್ಲೆಯಲ್ಲಿ ಹುಟ್ಟಿದವಳು."

"ಕಂಪನಿ ಬೇಡ ಅಂದ್ರೆ?"

"ಅನ್ನಬಹುದು. ನನಗೆ ಗೊತ್ತಿಲ್ಲ."

"ದಾರಿಯಲ್ಲಿ ಅಮ್ಮನಿಗೆ ಏನಾದ್ರೂ ಆದ್ರೆ?"

 ಸಮಾಧಾನಕ್ಕೆ ಏನಾದರೂ ಹೇಳಬಹುದಿತ್ತು, ಬಾಯಿ ಬರಲಿಲ್ಲ. "ಯಲ್ಲಾಪುರದ ದಾರಿಯಲ್ಲೂ ಆಗಬಹುದು" ಎಂದೆ. 

ಅವಳು ತಾಯಿಗೆ ಏನೋ ಹೇಳಿದಳು. ಬಟ್ಟೆಯ ಸರಸರ ಸದ್ದು. ಆಮೇಲೆ ನನಗಲ್ಲ, ಡ್ರೈವರನಿಗೆ, ತನಗೆ ಬರುತ್ತಿದ್ದ ಒಂದೇ ಪದದಲ್ಲಿ ಹೇಳಿದಳು: "ಹುಬ್ಬಳ್ಳಿ."

"ಹಾಂ, ಈಗ ಸರಿ ಆತು ನೋಡ್ರಿ" ಎಂದ ಅವನು. ಜೀಪು ರಿವರ್ಸ್ ತೆಗೆದುಕೊಳ್ಳುವ ಸದ್ದು ಬಂತು.

ಕೇಸ್ ಮ್ಯಾನೇಜರ್ ಹೋಲ್ಡ್ ತೆಗೆದಾಗ ನಾನೇ ಮೊದಲು ಹೇಳಿದೆ.  "ಆಂಟಿ, ಹಾಗೆಲ್ಲ ಮಾಡೋ ಹಾಗಿಲ್ಲ ಲಾ. ಕಾಲ್ ರೆಕಾರ್ಡ್ ಆಗುತ್ತೆ. ನನ್ನ ಕೆಲಸನೂ ಹೋಗುತ್ತೆ." ಅವಳು ಕೀಬೋರ್ಡಿನಲ್ಲಿ ಏನೋ ಬಡಿಯತೊಡಗಿದಳು. "ರೆಕಾರ್ಡಿನಲ್ಲಿ ನಾನು ನನ್ನ ಮಾತು ಅಂತಾನೇ ಹೇಳಿದ್ದೀನಿ" ಎಂದೆ.

ಅಷ್ಟರಲ್ಲಿ ಡ್ಯೂಟಿ ಡಾಕ್ಟರ್ ಲೈನಿಗೆ ಬಂದರು. ತಮಿಳರೋ ಮಲಯಾಳಿಯೋ, ವಯಸ್ಸಾದವರು, ನಿಧಾನವಾಗಿ ಮಾತಾಡುವವರು. ಯಾರು ಯಾಕೆ ಎಂದು ಕೇಳಲಿಲ್ಲ. "ಜೀಪು ಈಗ ಎಲ್ಲಿದೆ? ಸ್ಕ್ಯಾನ್ ಇರುವ ಆಸ್ಪತ್ರೆ ಎಷ್ಟು ದೂರ?" ಎರಡೇ ಪ್ರಶ್ನೆ. ಹೇಳಿದೆ. "ಹೋಗಲಿ" ಎಂದರು. "ಆಸ್ಪತ್ರೆ ತಯಾರಾಗಿರಬೇಕು. ಅದನ್ನು ಮಾಡಿ."

ಇನ್ನು ಸುಗಮ ಎಂದುಕೊಂಡೆ. ಆಗಲಿಲ್ಲ. ಕೇಸ್ ಮ್ಯಾನೇಜರ್ ಜಿಲ್ಲೆ ಬದಲಾಯಿಸಿದಳು. ಉತ್ತರ ಕನ್ನಡ ಹೋಗಿ ಧಾರವಾಡ ಬಂತು, ಏಕೆಂದರೆ ಹುಬ್ಬಳ್ಳಿ ಇರುವುದು ಧಾರವಾಡ ಜಿಲ್ಲೆಯಲ್ಲಿ. ಧಾರವಾಡ ಜಿಲ್ಲೆಯ ಕೇಂದ್ರ ಧಾರವಾಡ. ಕಂಪ್ಯೂಟರ್ ತನ್ನ ಅಭ್ಯಾಸದಂತೆ ಕೇಂದ್ರದ ಆಸ್ಪತ್ರೆಯೊಂದನ್ನು ಮುಂದಿಟ್ಟಿತು, ಅವಳು ಒತ್ತಿದಳು, ಪಾರ್ಟ್‌ನರ್ ಕಂಪನಿಯವರು ಜೀಪಿನ ಡ್ರೈವರನಿಗೆ ನೇರವಾಗಿ ಹಿಂದಿಯಲ್ಲಿ ಫೋನ್ ಮಾಡಿ ಧಾರವಾಡಕ್ಕೆ ಹೋಗು ಎಂದರು.

ಅದು ನನಗೆ ತಿಳಿದದ್ದು ಮುಕ್ಕಾಲು ತಾಸಿನ ಮೇಲೆ, ಡ್ರೈವರನಿಂದ. "ಅಕ್ಕಾರ, ಇನ್ನೊಬ್ರು ಯಾರೋ ಸಾಹೇಬ್ರು ಧಾರವಾಡಕ್ಕ ಹೋಗು ಅಂತಾರ. ನೀವು ಹುಬ್ಬಳ್ಳಿ ಅಂತೀರಿ. ನಾ ಯಾರ ಮಾತು ಕೇಳ್ಬೇಕ್ರೀ? ಪೇಷಂಟ್ ನಿಮ್ಮವರೋ ಅವರವರೋ?"

"ಈಗ ಎಲ್ಲಿದ್ದೀರಿ?"

"ತಡಸ ಬಂತ್ರಿ, ಹೈವೇ ಹತ್ತೀನಿ."

ತಡಸ ಹಾವೇರಿ ಜಿಲ್ಲೆಗೆ ಸೇರಿದ್ದು. ಮುಂಡಗೋಡದಿಂದ ಹುಬ್ಬಳ್ಳಿಗೆ ಹೋಗುವ ಅಷ್ಟು ಸಣ್ಣ ದಾರಿಯಲ್ಲಿ ಮೂರು ಜಿಲ್ಲೆ. ಇದನ್ನು ಕೇಸ್ ಮ್ಯಾನೇಜರ್‌ಗೆ ಹೇಳಿದರೆ ಅವಳು ಹಾವೇರಿಯ ಆಸ್ಪತ್ರೆಯನ್ನೂ ಹುಡುಕಿಯಾಳು ಎಂದು ಬಾಯಿ ಮುಚ್ಚಿಕೊಂಡೆ. ಅವಳಿಗೆ ಇಷ್ಟು ಹೇಳಿದೆ: ಧಾರವಾಡಕ್ಕೆ ಹೋಗುವ ದಾರಿ ಹುಬ್ಬಳ್ಳಿಯ ಮೇಲೇ ಹಾದು ಹೋಗುತ್ತದೆ. ಹುಬ್ಬಳ್ಳಿ ದೊಡ್ಡದು, ಮೊದಲು ಸಿಗುತ್ತದೆ.

"ದೊಡ್ಡದಾದ್ರೆ ಅದೇ ಯಾಕೆ ರಾಜಧಾನಿ ಅಲ್ಲ?"

"ನಂಗೊತ್ತಿಲ್ಲಮ್ಮ. ನಾನು ಹುಟ್ಟೋಕ್ಕೆ ಮೊದಲಿಂದ ಹಾಗೇ ಇದೆ."

"ಸಿಸ್ಟಮ್ ಬಿಡ್ತಿಲ್ಲ ಆಂಟಿ. ಧಾರವಾಡಕ್ಕೆ ಅಪ್ರೂವಲ್ ಆಗಿಹೋಗಿದೆ. ಇನ್ನೊಂದು ಸ್ವಲ್ಪ ದೂರ ತಾನೆ, ಹೋಗಲಿ ಬಿಡಿ."

ಆಗ ನನ್ನ ಧ್ವನಿ ಏರಿತು. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಇವರ ಮೇಲಾಗಲಿ ಪುಟ್ಟಿಯ ಮೇಲಾಗಲಿ ನಾನು ಅಷ್ಟು ಜೋರಾಗಿ ಮಾತಾಡಿದ್ದು ನೆನಪಿಲ್ಲ. ಇಸ್ತ್ರಿ ಮೇಜಿನ ಎದುರು ನಿಂತು, ಒಂದು ಫೋನಿನಲ್ಲಿ ಇಂಗ್ಲಿಷು, ಇನ್ನೊಂದರಲ್ಲಿ ಕನ್ನಡ, "ಧಾರವಾಡ ಅಲ್ಲ, ಹುಬ್ಬಳ್ಳಿ, ಹುಬ್ಬಳ್ಳಿಗೇ ಹೋಗಿ, ಯಾರು ಫೋನ್ ಮಾಡಿದ್ರೂ ಹುಬ್ಬಳ್ಳಿ" ಎಂದು ಎಷ್ಟು ಸಲ ಹೇಳಿದೆನೋ. ಡ್ರೈವರ್ "ಆತ್ರೀ, ಆತ್ರೀ, ಕಿವಿ ಒಡೀಬ್ಯಾಡ್ರಿ" ಎಂದ.

ಡಾಕ್ಟರ್ ಮಧ್ಯೆ ಬಂದರು. "ಹುಬ್ಬಳ್ಳಿಯ ಆಸ್ಪತ್ರೆಯೊಂದಕ್ಕೆ ನೀವೇ ಫೋನ್ ಮಾಡಿ ಕೇಳುತ್ತೀರಾ? ಸ್ಕ್ಯಾನ್ ಮೆಷಿನ್ ಈ ಕ್ಷಣ ಓಡುತ್ತಿದೆಯಾ, ನರರೋಗದ ಡಾಕ್ಟರ್ ಇದ್ದಾರಾ, ಇಂಜೆಕ್ಷನ್ ಇದೆಯಾ. ಮೂರಕ್ಕೂ ಹೌದು ಎಂದರೆ ಸಿಸ್ಟಮನ್ನು ನಾನು ನೋಡಿಕೊಳ್ಳುತ್ತೇನೆ."

ಮೊದಲ ಆಸ್ಪತ್ರೆಯಲ್ಲಿ ಫೋನು ಬಡಿದು ಬಡಿದು ನಿಂತಿತು. ಎರಡನೆಯದರಲ್ಲಿ ಎಮರ್ಜೆನ್ಸಿಯ ನರ್ಸ್ ಎತ್ತಿದಳು. ಸಿಂಗಪುರದಿಂದ ಎಂದರೆ ತಮಾಷೆ ಎಂದು ಇಟ್ಟುಬಿಟ್ಟಾಳೆಂದು ಹೆದರಿ, ಮುಂಡಗೋಡದಿಂದ ಸ್ಟ್ರೋಕ್ ಪೇಷಂಟ್ ಬರ್ತಿದ್ದಾರೆ, ತಡಸ ದಾಟಿದ್ದಾರೆ ಎಂದು ಶುರುಮಾಡಿದೆ. ತಡಸ ಎಂದದ್ದೇ ಅವಳಿಗೆ ಎಲ್ಲ ಕಣ್ಣೆದುರು ಬಂದಂತಾಯಿತು. "ಯಾವಾಗ ಶುರು ಆತ್ರೀ? ಶುಗರ್ ಐತೇನು? ರಕ್ತ ತೆಳು ಮಾಡೋ ಗುಳಿಗಿ ತಗೋತಾರೇನು?" ಪ್ರಶ್ನೆಗಳು ಬಂದವು. ಮಗಳನ್ನು ಕೇಳಿ ಕೇಳಿ ಹೇಳಿದೆ. ಮೆಷಿನ್ ಓಡುತ್ತಿದೆ. ಇಂಜೆಕ್ಷನ್ ಇದೆ. ನರರೋಗದ ಡಾಕ್ಟರು ಮನೆಯಲ್ಲಿದ್ದಾರೆ, ಈಗಲೇ ಕರೆಸುತ್ತೇವೆ. "ಹಿಂದಿನ ಗೇಟಿಗೆ ಬರಾಕ ಹೇಳ್ರಿ, ಮುಂದ ಕಾಲುವೆ ಅಗದಾರ" ಎಂದಳು. ಅದನ್ನೂ ಡ್ರೈವರನಿಗೆ ಹೇಳಿದೆ.

ಡಾಕ್ಟರ್ ಸಿಸ್ಟಮನ್ನು ಹೇಗೆ ನೋಡಿಕೊಂಡರೋ ನನಗೆ ತಿಳಿಯದು. ಜೀಪು ಹಿಂದಿನ ಗೇಟು ಹೊಕ್ಕಿತು, ಸ್ಟ್ರೆಚರಿನ ಚಕ್ರಗಳ ಸದ್ದು ಕೇಳಿತು, ಆಮೇಲೆ ಲೈನು ಕಡಿಯಿತು.

ಮಧ್ಯಾಹ್ನದವರೆಗೆ ಏನೂ ತಿಳಿಯಲಿಲ್ಲ. ನಿಯಮದ ಪ್ರಕಾರ ಕೊಳವೆಗೆ ಯಾರೂ ಫಲಿತಾಂಶ ಹೇಳಬೇಕಾಗಿಲ್ಲ. ಅನ್ನಕ್ಕಿಟ್ಟೆ, ಊಟ ಮಾಡಲಿಲ್ಲ. ನೀಲಿ ಶರ್ಟಿನ ಕಾಲರ್ ಒಣಗಿ ಸುಕ್ಕು ಹಾಗೇ ನಿಂತಿತ್ತು. ಮತ್ತೆ ನೀರು ಚಿಮುಕಿಸಿ ಉಜ್ಜಿದೆ. ಆ ಮಗಳು ಕೇಳಿದ ಪ್ರಶ್ನೆಗೆ ನಾನು ಕೊಟ್ಟ ಉತ್ತರ ತಲೆಯೊಳಗೆ ಸುತ್ತುತ್ತಿತ್ತು. ಸರಿಯಾದ ಉತ್ತರವೇ ಇರಬಹುದು, ಆದರೆ ಒಬ್ಬ ಮಗಳಿಗೆ ಹೇಳುವ ಮಾತಾಗಿರಲಿಲ್ಲ. ಸ್ಕ್ಯಾನಿನಲ್ಲಿ ರಕ್ತಸ್ರಾವ ಎಂದು ಬಂದರೆ ಇಂಜೆಕ್ಷನ್ ಕೊಡುವ ಹಾಗಿಲ್ಲ ಎಂದೂ ಡಾಕ್ಟರು ಹೇಳಿದ್ದರು. ಹಾಗಾದರೆ ಇಷ್ಟೆಲ್ಲ ಓಡಾಟದಿಂದ ಏನೂ ಆಗಿರುವುದಿಲ್ಲ.

ಪುಟ್ಟಿ ಶಾಲೆಯಿಂದ ಬಂದು ಮಾಸ್ಕ್ ತೆಗೆಯುತ್ತಿದ್ದಾಗ ಕೇಸ್ ಮ್ಯಾನೇಜರ್ ಫೋನ್ ಮಾಡಿದಳು. ರಕ್ತ ಹೆಪ್ಪುಗಟ್ಟಿದ್ದೇ ಆಗಿತ್ತು, ಸ್ರಾವವಿರಲಿಲ್ಲ. ಹೊತ್ತು ಮೀರುವ ಮೊದಲೇ ಇಂಜೆಕ್ಷನ್ ಕೊಟ್ಟರು. ಬಲಗೈ ಇನ್ನೂ ಸೋತಿದೆ, ಎಷ್ಟು ಸುಧಾರಿಸುತ್ತದೋ ಕಾದು ನೋಡಬೇಕು. "ಆದರೆ ಈಗ್ತಾನೆ ಅವರ ಮಗಳು ಫೋನ್ ಮಾಡಿದ್ಲು ಆಂಟಿ. ಅಜ್ಜಿ ಕನ್ನಡಕ ಎಲ್ಲಿ ಅಂತ ಕೇಳಿದ್ರಂತೆ. ಸ್ಪಷ್ಟವಾಗಿ."

ನಾನು ಕುರ್ಚಿ ಎಳೆದುಕೊಂಡು ಕೂತೆ.

"ಆಂಟಿ, ಸೂಪರ್‌ವೈಸರ್ ರೆಕಾರ್ಡಿಂಗ್ ಕೇಳಬೇಕು ಅಂದಿದ್ದಾರೆ. ಅಲ್ಲೀವರೆಗೆ ನಿಮಗೆ ಕಾಲ್ ಕೊಡಬೇಡ ಅಂದ್ರು. ನಾನು ಸಿಸ್ಟಮ್ ಹೇಳಿದ್ದು ತಪ್ಪಾಗಿತ್ತು ಅಂತ ಬರೆದು ಕೊಟ್ಟಿದ್ದೀನಿ." ಆಮೇಲೆ ಕೇಳಿದಳು, "ಇನ್ನೊಂದ್ಸಲ ಹೀಗಾದ್ರೆ ನಂಗೆ ಹೇಗೆ ಗೊತ್ತಾಗಬೇಕು? ಎಲ್ಲ ಜಿಲ್ಲೇಲೂ ಹುಟ್ಟಿದ ಆಂಟಿ ಇರಲ್ಲ ಲಾ."

"ಆ ಊರಿನವರು ಹೆರಿಗೆಗೆ ಎಲ್ಲಿಗೆ ಹೋಗ್ತಾರೆ ಅಂತ ಯಾರನ್ನಾದ್ರೂ ಕೇಳು" ಎಂದೆ.

ಅವಳು ಬರೆದುಕೊಳ್ಳುತ್ತಿರುವ ಸದ್ದು ಕೇಳಿತು.

ಸಂಜೆ ಹೇಜ್ ಸ್ವಲ್ಪ ತೆಳುವಾಗಿತ್ತು. ಬಾಗಿಲ ಟವೆಲ್ ತೆಗೆದು ಕಾರಿಡಾರಿಗೆ ಹೋಗಿ ಹಿಂಡುತ್ತಿದ್ದೆ. ಮೈಯಲ್ಲಿ ಆಗತಾನೆ ಜ್ವರ ಬಿಟ್ಟಂಥ ಸುಸ್ತು. ಪಕ್ಕದ ಮನೆಯ ಆಂಟಿ ತುಳಸಿ ಕುಂಡದ ಎಲೆಗಳ ಮೇಲಿನ ಬೂದಿಯನ್ನು ಒದ್ದೆ ಬಟ್ಟೆಯಲ್ಲಿ ಒಂದೊಂದಾಗಿ ಒರೆಸುತ್ತಿದ್ದರು. ಉಡುಪಿ ಕಡೆಯವರು, ಮಗನ ಮನೆಗೆ ಬಂದು ಇಲ್ಲೇ ನಿಂತವರು. ನನ್ನ ಕಡೆ ತಿರುಗದೆಯೇ ಕೇಳಿದರು.

"ಎಂತ ಮಾರಾಯ್ತಿ, ಬೆಳಿಗ್ಗೆ ಇಡೀ ಹುಬ್ಬಳ್ಳಿ ಹುಬ್ಬಳ್ಳಿ ಅಂತ ಬೊಬ್ಬೆ ಹೊಡೀತಿದ್ದೆ. ಕಿಟಕಿ ಮುಚ್ಚಿದ್ರೂ ಕೇಳ್ತಿತ್ತು. ಸೈಟು ಗೀಟು ತಗೊಳ್ತಿದ್ದೀರಾ ಅಲ್ಲಿ?"

ನಾನು ಏನು ಹೇಳಲೆಂದು ಯೋಚಿಸುವುದರೊಳಗೆ ಅವರು ಇನ್ನೊಂದು ಎಲೆ ಒರೆಸಿ ಮುಗಿಸಿದರು.

"ತಗೊಳ್ಳೋದಾದ್ರೆ ಧಾರವಾಡದಲ್ಲಿ ತಗೊಳ್ಳಿ. ಏನಂದ್ರೂ ಡಿಸ್ಟ್ರಿಕ್ಟ್ ಹೆಡ್‌ಕ್ವಾರ್ಟರ್ಸ್ ಅಲ್ವಾ."